ಕಾಲೇಜು ಆವರಣದಲ್ಲಿ ಅಂಧ ವಿದ್ಯಾರ್ಥಿಗಳಿಗೆ ಜಿಪಿಎಸ್ ಗುರುತುಗಳನ್ನು ಎಲ್ಲಿ ಹಾಕಬೇಕು?

ಪ್ರಶ್ನೆ:
ಶಿವಮೊಗ್ಗದ ಹೊರವಲಯದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಈ ವರ್ಷ ಇಬ್ಬರು ಅಂಧ ವಿದ್ಯಾರ್ಥಿನಿಯರು ಸೇರಿದ್ದಾರೆ. ಇಬ್ಬರೂ ಬಿಳಿ ಕೋಲು ಹಿಡಿದು ಒಬ್ಬೊಬ್ಬರೇ ಓಡಾಡುತ್ತಾರೆ, ಫೋನಿನಲ್ಲಿ ತೆರೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತಾರೆ. ಅವರಿಗಾಗಿ ನಕ್ಷೆಯಲ್ಲಿ ಪ್ರತಿ ಕಟ್ಟಡದ ಮೇಲೂ ಒಂದು ವೇಪಾಯಿಂಟ್, ಅಂದರೆ ಹತ್ತಿರ ಬಂದಾಗ ಫೋನು ಹೆಸರು ಹೇಳುವ ಜಿಪಿಎಸ್ ಗುರುತು, ಹಾಕಿಕೊಟ್ಟೆ. ಮೊದಲ ದಿನವೇ, ಗ್ರಂಥಾಲಯ ಬಂತೆಂದು ಫೋನು ಹೇಳಿದಾಗ, ಅವರಲ್ಲೊಬ್ಬಳು ಕಟ್ಟಡದ ಹಿಂದಿನ ಚರಂಡಿಯ ಅಂಚಿನಲ್ಲಿ ನಿಂತಿದ್ದಳು. ಅದನ್ನು ಕಂಡ ಮೇಲೆ ನನಗೆ ಸಮಾಧಾನವಿಲ್ಲ. ಗುರುತುಗಳನ್ನು ಹೇಗೆ ಹಾಕಬೇಕಿತ್ತು?

ಉತ್ತರ 1:
ನಾನು ಹುಟ್ಟು ಅಂಧ, ತೀರ್ಥಹಳ್ಳಿ ಕಡೆಯವನು. ನೀವು ಗುರುತಿಸಿರುವುದು ಕಟ್ಟಡದ ನಡುಭಾಗವನ್ನು. ನಮಗೆ ಬೇಕಾದದ್ದು ಬಾಗಿಲು, ಅದಕ್ಕಿಂತ ಮೊದಲು ಬಾಗಿಲಿನ ದಾರಿ ಕವಲೊಡೆಯುವ ಜಾಗ. ಯಾವ ಕಡೆಗೆ ತಿರುಗಬೇಕೆಂದು ನಿರ್ಧರಿಸಬೇಕಾದ ಕಡೆಯಲ್ಲೆಲ್ಲ ಒಂದು ಗುರುತಿರಲಿ; ನೇರ ದಾರಿಯ ನಡುವೆ ಬೇಡ, ಫೋನು ಸುಮ್ಮನೆ ಮಾತಾಡುತ್ತಿದ್ದರೆ ಎದುರಿನಿಂದ ಬರುವ ಬೈಕಿನ ಸದ್ದು ಕೇಳಿಸುವುದಿಲ್ಲ. ಹೆಸರಿನಲ್ಲಿ ಕೋಲಿಗೆ ಸಿಗುವ ವಸ್ತುವನ್ನು ಸೇರಿಸಿ. ನಮ್ಮ ಕಚೇರಿಯ ತಿರುವಿನಲ್ಲಿ ಡಾಂಬರು ಮುಗಿದು ಜಂಬಿಟ್ಟಿಗೆಯ ಹಾಸು ಶುರುವಾಗುತ್ತದೆ; ಕೋಲಿನ ತುದಿ ಒರಟಾಗಿ ಕೆರೆದೊಡನೆ ತಿರುಗಬೇಕೆಂದು ನನಗೆ ತಿಳಿಯುತ್ತದೆ. ಕ್ಯಾಂಟೀನಿನ ಗದ್ದಲ, ನಲ್ಲಿಯ ಸದ್ದು ಇಂಥವನ್ನು ಮಾತ್ರ ನಂಬಬೇಡಿ. ಆಷಾಢದ ಮಳೆ ಹಂಚಿನ ಮೇಲೆ ಸುರಿಯತೊಡಗಿದರೆ ಅವು ಯಾವುವೂ ಕಿವಿಗೆ ಬೀಳುವುದಿಲ್ಲ. ಪಾಚಿ ಕಟ್ಟುವ ಮೆಟ್ಟಿಲುಗಳಿದ್ದರೆ ಅವನ್ನು ತಪ್ಪದೆ ಗುರುತಿಸಿ.

ಉತ್ತರ 2:
ಭೂಮಾಪನದ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ತೆರೆದ ಆಕಾಶದ ಕೆಳಗೂ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ ಸಂಕೇತ ಕ್ಷೀಣಿಸುವುದರಿಂದಲೂ, ಎತ್ತರದ ಗೋಡೆಗಳ ಪಕ್ಕದಲ್ಲಿ ಅದು ಪ್ರತಿಫಲಿಸಿ ಬರುವುದರಿಂದಲೂ ತಪ್ಪು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮನೆಯಲ್ಲಿ ಕುಳಿತು ನಕ್ಷೆಯ ಮೇಲೆ ಬೆರಳಿಡದೆ ಜಾಗಕ್ಕೇ ಹೋಗಿ, ಒಂದೆರಡು ನಿಮಿಷ ಅಲುಗದೆ ನಿಂತು, ಬೇರೆ ಬೇರೆ ದಿನ ಮೂರು ನಾಲ್ಕು ಬಾರಿ ದಾಖಲಿಸಿ ಸರಾಸರಿ ತೆಗೆಯಿರಿ. ಅಕ್ಷಾಂಶದಲ್ಲಿ ದಶಮಾಂಶದ ಐದನೆಯ ಅಂಕೆ ಸುಮಾರು 1.1 ಮೀಟರಿಗೆ ಸಮ. ನಾಲ್ಕಕ್ಕೇ ನಿಲ್ಲಿಸಿದರೆ 11 ಮೀಟರಿನ ಲೆಕ್ಕವಾಗುತ್ತದೆ. ಎಲ್ಲವನ್ನೂ ಬೇರೆ ಬೇರೆ ಆ್ಯಪ್‌ಗಳು ಓದಬಲ್ಲ ಜಿಪಿಎಕ್ಸ್ ಕಡತವಾಗಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಅಂಧರಿಗೆ ಸದ್ದಿನ ಮೂಲಕ ದಾರಿ ತಿಳಿಸಲು 2018ರಲ್ಲಿ ಬಂದ ಮೈಕ್ರೋಸಾಫ್ಟ್ ಸೌಂಡ್‌ಸ್ಕೇಪ್ ಆ್ಯಪ್ 2023ರಲ್ಲಿ ನಿಂತುಹೋಯಿತು. ಅದರ ಮೂಲಸಂಕೇತ ಮುಕ್ತವಾಗಿದ್ದರಿಂದ ಇತರರು ಮುಂದುವರಿಸಿದರು, ನಿಜ. ಆದರೆ ಆ್ಯಪ್ ಹೋದರೂ ನಿಮ್ಮ ಶ್ರಮ ಉಳಿಯಬೇಕಲ್ಲವೇ?

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ವಿದ್ಯಾರ್ಥಿನಿಯೊಂದಿಗೇ ನಡೆದು ಹೋದೆ. ಗ್ರಂಥಾಲಯದ ಕವಲಿಗೆ ನಾನು ಆರಿಸಿದ್ದ ಜಾಗಕ್ಕಿಂತ ಆರು ಹೆಜ್ಜೆ ಮೊದಲೇ ಅವಳು ನಿಂತು, ಮೋರಿಯ ಮೇಲಿನ ಚಪ್ಪಡಿಯನ್ನು ಕೋಲಿನಿಂದ ಎರಡು ಬಾರಿ ಕುಟ್ಟಿ, ಟೊಳ್ಳು ಸದ್ದು ಕೇಳಿಸಿದಳು. ‘ಟೊಳ್ಳು ಚಪ್ಪಡಿ, ಗ್ರಂಥಾಲಯ ಎಡಕ್ಕೆ’ ಎಂದು ಹೆಸರಿಟ್ಟೆವು. ಮರುದಿನ ಹಾಸ್ಟೆಲ್ ಕಡೆಯಿಂದ ಬಂದ ಇನ್ನೊಬ್ಬಳಿಗೆ ಅದೇ ಗ್ರಂಥಾಲಯ ಬಲಕ್ಕಿತ್ತು. ಈಗ ‘ಎಡಕ್ಕೆ’ ಎಂಬುದನ್ನು ತೆಗೆದು ‘ಪಶ್ಚಿಮಕ್ಕೆ’ ಎಂದು ಬರೆದಿದ್ದೇವೆ. ದಿಕ್ಕನ್ನು ಇಬ್ಬರೂ ಫೋನಿನ ದಿಕ್ಸೂಚಿಯಿಂದ ಕೇಳಿಕೊಳ್ಳುತ್ತಾರೆ.