ಸಹಾಯ ಬೇಕು: ಬೋರ್ದಿಗೇರಾದ ಹಳೆಯ ವಿಲ್ಲಾ ಖರೀದಿಯ ಕುರಿತು

ಬಳಗದ ಎಲ್ಲರಿಗೂ ನಮಸ್ಕಾರ. ಟುರಿನ್‌ನಲ್ಲಿ ನೆಲೆಸಿರುವ ನಾನು, ಮೈಸೂರಿನ ಅಕ್ಕ-ಭಾವನವರ ಜೊತೆಗೂಡಿ, ಇಟಲಿಯ ಲಿಗೂರಿಯಾ ಕರಾವಳಿಯ ಬೋರ್ದಿಗೇರಾದಲ್ಲಿ (1884ರಲ್ಲಿ ಫ್ರೆಂಚ್ ಚಿತ್ರಕಾರ ಮೋನೆ ಚಿತ್ರ ಬರೆಯಲು ಬಂದಿದ್ದ ಊರು) ಮಾರಾಟಕ್ಕಿರುವ, ಜೀರ್ಣೋದ್ಧಾರಗೊಂಡ ಹಳೆಯ ವಿಲ್ಲಾವೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ.

ದಲ್ಲಾಳಿಯವರು ಎಲ್ಲವೂ ಹೊಸದೆಂದರು. ಆದರೆ ಸಮುದ್ರದ ಕಡೆಯ ಕಿಟಕಿಯ ಕೆಳಗೆ, ಹೊಸ ಬಣ್ಣದ ಮೇಲೆಯೇ ಬಿಳಿ ಉಪ್ಪು ಹೂವಿನಂತೆ ಅರಳಿತ್ತು. ಬೆರಳು ತಾಗಿಸಿದರೆ ಗಾರೆ ಪುಡಿಯಾಗಿ ಉದುರಿತು. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದು ತೇವವನ್ನು ಒಳಗೇ ಕಟ್ಟಿಹಾಕಿದ್ದಾರೆಂಬುದು ನನ್ನ ಅನುಮಾನ. ಇದನ್ನು ಪರೀಕ್ಷಿಸಬಲ್ಲ, ಹಳೆಯ ಕಟ್ಟಡಗಳ ಅನುಭವವಿರುವ ಎಂಜಿನಿಯರ್ ಯಾರಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ.

ಕಟ್ಟಡವು ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ, ಇಟಲಿಯ 2004ರ ಪರಂಪರೆ ಸಂಹಿತೆಯಂತೆ (ಸಾಂಸ್ಕೃತಿಕ ಆಸ್ತಿಗಳ ಕಾನೂನು), ಮಾರಾಟದ ವಿಷಯವನ್ನು ಸಂಸ್ಕೃತಿ ಇಲಾಖೆಗೆ ತಿಳಿಸಿದ ಮೇಲೆ 60 ದಿನಗಳೊಳಗೆ ಸರ್ಕಾರವೇ ಅದೇ ಬೆಲೆಗೆ ಅದನ್ನು ಕೊಳ್ಳಬಹುದು. ಹಾಗಾದಲ್ಲಿ ಮುಂಗಡ ಹಣ ಸಲೀಸಾಗಿ ಮರಳುವಂತೆ ಕರಾರಿನಲ್ಲಿ ಏನು ಬರೆಸಬೇಕು? ಭಾರತದಿಂದ ಒಬ್ಬೊಬ್ಬರು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಕಳುಹಿಸಬಹುದಾದ್ದರಿಂದ, ಅಕ್ಕ-ಭಾವನವರ ಪಾಲನ್ನು ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎರಡು ಕಂತಾಗಿ ತರಿಸುವ ಯೋಚನೆಯಿದೆ. ಹೀಗೆ ಹಣ ತರಿಸಿದವರು ಇದ್ದರೆ, ಬ್ಯಾಂಕು ಕೇಳಿದ ಕಾಗದಪತ್ರಗಳ ವಿವರವನ್ನೂ ಕೊಡಬೇಕೆಂದು ಕೋರುತ್ತೇನೆ.