ಐದು ವರ್ಷದ ಆಫ್ರಿಕನ್ ಗ್ರೇ ಗಿಣಿ ಇದ್ದಕ್ಕಿದ್ದಂಗೆ ಕಚ್ತಿದೆ, ಎದೆ ಪುಕ್ಕ ಎಲ್ಲಾ ಕಿತ್ಕೊಳ್ತಿದೆ, ಏನ್ ಮಾಡ್ಲಿ?

ಗುಂಡನ_ಮನೆ:

ಎಲ್ರಿಗೂ ನಮಸ್ಕಾರ. ನಮ್ದು ದಾವಣಗೆರೆ. ಮನೇಲಿ ಒಂದು ಆಫ್ರಿಕನ್ ಗ್ರೇ ಇದೆ, ಹೆಸ್ರು ಗುಂಡ, ಐದು ವರ್ಷ. ಪುಕ್ಕ ಸರಿಯಾಗಿ ಬರದೇ ಇದ್ದಾಗ್ಲೇ ತಂದಿದ್ದು, ಸಿರಿಂಜಲ್ಲಿ ಗಂಜಿ ಕುಡಿಸಿ ಬೆಳೆಸಿದ್ದು ನಮ್ಮಮ್ಮ. ಅಮ್ಮ ಸೊಪ್ಪು ಸೋಸುವಾಗ, ಅಕ್ಕಿ ಆರಿಸುವಾಗ, ಸೀರಿಯಲ್ ನೋಡುವಾಗ ಇಡೀ ದಿನ ಹೆಗಲ ಮೇಲೇ ಇರ್ತಿತ್ತು, ಇಷ್ಟು ವರ್ಷದಲ್ಲಿ ಒಬ್ರಿಗೂ ಒಂದ್ ಗೀರು ಮಾಡಿದ್ದಿಲ್ಲ.

ಎರಡೂವರೆ ತಿಂಗಳ ಹಿಂದೆ ಅಮ್ಮ ತಂಗಿ ಬಾಣಂತನಕ್ಕೆ ಅಂತ ಅಮೆರಿಕಾಗೆ ಹೋದ್ರು. ಮೂರು ವಾರ ಸರಿ ಇತ್ತು, ಆಮೇಲೆ ಒಂದಿನ ನೀರಿನ ಬಟ್ಲು ತೆಗಿಯೋಕೆ ಹೋದ ನನ್ನ ಹೆಂಡ್ತಿ ಬೆರಳಿಗೆ ಎಂಥಾ ಕಚ್ಚು ಕಚ್ತು ಅಂದ್ರೆ ಎರಡು ಹೊಲಿಗೆ ಹಾಕಿಸ್ಬೇಕಾಯ್ತು. ಈಗ ನಂಗೂ ಬಿಡಲ್ಲ. ಅದಕ್ಕಿಂತ ಹೊಟ್ಟೆ ಉರಿಯೋದು ಏನಂದ್ರೆ ಎದೆ, ತೊಡೆ, ರೆಕ್ಕೆ ಕೆಳಗೆ ಪುಕ್ಕ ಕಿತ್ತು ಕಿತ್ತು ಗುಲಾಬಿ ಚರ್ಮ ಕಾಣ್ತಿದೆ, ಬೆಳಗ್ಗೆ ಎದ್ರೆ ಪಂಜರದ ಕೆಳಗೆ ಬೂದಿ ಬಣ್ಣದ ಪುಕ್ಕದ ರಾಶಿ. ಮಧ್ಯಾಹ್ನ ಒಂದೇ ಇದ್ದಾಗ ಅಮ್ಮನ ಧ್ವನೀಲೇ "ಬಂದೆ ಇರಪ್ಪಾ, ಬಂದೆ" ಅಂತ ಕೂಗಿ ಅಡುಗೆಮನೆ ಬಾಗ್ಲ ಕಡೆ ನೋಡ್ತಾ ಕೂರುತ್ತೆ, ನನ್ ಹೆಂಡ್ತಿ ಅದನ್ನ ನೋಡಿ ಅತ್ತೇಬಿಟ್ಳು.

ಅಂಗಡಿಯವ್ರು ಹುಳ ಇರ್ಬೇಕು ಅಂತ ಒಂದು ಸ್ಪ್ರೇ ಕೊಟ್ರು, ಹೊಡೆದ್ವಿ, ಇನ್ನೂ ಜಾಸ್ತಿ ಆಯ್ತು. ಇಲ್ಲಿ ಒಬ್ರು ಡಾಕ್ಟ್ರು ದೂರದಿಂದ್ಲೇ ನೋಡಿ ವಿಟಮಿನ್ ಡ್ರಾಪ್ಸ್ ಬರ್ಕೊಟ್ರು. ಅಮ್ಮ ಬರೋಕೆ ಇನ್ನೂ ಮೂರೂವರೆ ತಿಂಗ್ಳಿದೆ. ಗೊತ್ತಿರೋರು ದಯವಿಟ್ಟು ಹೇಳಿ.

ಹಕ್ಕಿಪ್ರಿಯ_ಹುಬ್ಬಳ್ಳಿ:

ಬ್ರೋ ಟೆನ್ಷನ್ ತಗೋಬೇಡ, ನಮ್ ಕಸಿನ್ ಮನೇಲೂ ಹಿಂಗೇ ಆಗಿತ್ತು. ಕುತ್ತಿಗೆಗೆ ಕಾಲರ್ ಸಿಗುತ್ತೆ, ಅದು ಹಾಕಿದ್ರೆ ಕೀಳೋಕೆ ಆಗಲ್ಲ. ಬೇವಿನ ಎಲೆ ಕುದಿಸಿ ಸ್ನಾನ ಮಾಡ್ಸು. ಕಚ್ಚಿದಾಗ ಕೊಕ್ಕಿನ ಮೇಲೆ ಮೆಲ್ಲಗೆ ಒಂದು ತಟ್ಟು, ಎರಡು ದಿನಕ್ಕೆ ಕಲಿಯುತ್ತೆ.

ಕಾಡಂಚು_ಶಿರಸಿ:

ಮೇಲಿನವ್ರು ಒಳ್ಳೇ ಮನಸ್ಸಿಂದ್ಲೇ ಹೇಳಿದ್ದಾರೆ, ಆದ್ರೆ ಕೊಕ್ಕಿಗೆ ತಟ್ಟೋದು ಮಾತ್ರ ಬೇಡವೇ ಬೇಡ. ಗಿಣಿಗೆ ಕೊಕ್ಕೇ ಕೈ ಇದ್ದಂಗೆ, ಅದಕ್ಕೆ ಹೊಡೆದ್ರೆ ನಿಮ್ಮ ಕೈ ಕಂಡ್ರೇ ಹೆದರುತ್ತೆ, ಹೆದರಿದ ಹಕ್ಕಿ ಇನ್ನೂ ಮೊದ್ಲೇ ಕಚ್ಚುತ್ತೆ. ಕಾಲರ್ ಚರ್ಮ ಹರಿದು ರಕ್ತ ಬರೋ ಹಂತಕ್ಕೆ ಹೋದಾಗ ಡಾಕ್ಟ್ರು ಹಾಕೋದು, ಸ್ವಲ್ಪ ದಿನಕ್ಕೆ ಅಷ್ಟೇ. ಕೀಳೋಕೆ ಕಾರಣ ಏನೋ ಅದು ಕಾಲರ್ ಒಳಗೂ ಹಂಗೇ ಇರುತ್ತೆ.

ನಾನು ಹದಿನೈದು ವರ್ಷದಿಂದ ಗ್ರೇ ಮತ್ತೆ ಕಾನ್ಯೂರ್ ಗಿಣಿ ಸಾಕ್ತಿದೀನಿ. ಮೊದ್ಲು ಒಂದು ವಿಷ್ಯ ಹೇಳಿ, ತಲೆ ಮೇಲಿನ ಪುಕ್ಕ ಹೇಗಿದೆ? ತಲೆ ನುಣ್ಣಗೆ ಚೆನ್ನಾಗಿದ್ದು ಕುತ್ತಿಗೆಯಿಂದ ಕೆಳಗೆ ಮಾತ್ರ ಬೋಳಾಗಿದ್ರೆ ಅದೇ ಕಿತ್ಕೊಳ್ತಿದೆ ಅಂತ ಅರ್ಥ, ಯಾಕಂದ್ರೆ ತನ್ನ ತಲೆ ತನ್ನ ಕೊಕ್ಕಿಗೆ ಸಿಗಲ್ಲ. ತಲೇಲೂ ಉದುರಿದ್ರೆ ಅಥ್ವಾ ಬರೋ ಹೊಸ ಪುಕ್ಕ ಸೊಟ್ಟ ಸೊಟ್ಟಗಿದ್ರೆ ಅದು ಬೇರೆ ಕಥೆ, ಪಿ.ಬಿ.ಎಫ್.ಡಿ. ಅನ್ನೋ ವೈರಸ್ ಕಾಯಿಲೆ ಇದ್ಯಾ ಅಂತ ಟೆಸ್ಟ್ ಮಾಡಿಸ್ಬೇಕು.

ಎರಡ್ನೇದು, ಅಮ್ಮನ ಕೊರಗು ಅಂತ ಈಗ್ಲೇ ತೀರ್ಮಾನಕ್ಕೆ ಬರ್ಬೇಡಿ. ಕೊರಗು ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಹಕ್ಕಿಗಳು ಕಾಯಿಲೆ ಮುಚ್ಚಿಡ್ತವೆ, ಕಾಡಲ್ಲಿ ಸೋತಂಗೆ ಕಂಡ್ರೆ ಬೇಟೆ ಆಗ್ಬಿಡ್ತವೆ ಅಲ್ವಾ, ಆ ಸ್ವಭಾವ ಪಂಜರದಲ್ಲೂ ಹೋಗಲ್ಲ. ಚರ್ಮದ ಇನ್ಫೆಕ್ಷನ್, ಲಿವರ್ ತೊಂದ್ರೆ, ಪಂಜರದ ಸತು ಲೇಪನ ಕಡಿದು ಕಡಿದು ಹೊಟ್ಟೆಗೆ ಹೋಗೋದು, ಇವೆಲ್ಲ ಮೊದ್ಲು ಪುಕ್ಕ ಕೀಳೋ ರೂಪದಲ್ಲೇ ಕಾಣ್ಬಹುದು. ಮನೆ ಒಳಗೆ ಒಂದೇ ಇರೋ ಗಿಣಿಗೆ ಹುಳದಿಂದ ಹಿಂಗಾಗೋದು ಬಹಳ ಅಪರೂಪ, ಆ ಸ್ಪ್ರೇ ಇವತ್ತೇ ನಿಲ್ಲಿಸಿ. ನಾಯಿ ಬೆಕ್ಕು ಮಾತ್ರ ನೋಡೋರ ಹತ್ರ ಹೋದ್ರೆ ಮತ್ತೆ ಡ್ರಾಪ್ಸೇ ಸಿಗೋದು. ನಿಮಗೆ ಶಿವಮೊಗ್ಗ ವೆಟರ್ನರಿ ಕಾಲೇಜು ಹತ್ರ, ಹೋಗೋಕೆ ಮುಂಚೆ ಫೋನ್ ಮಾಡಿ ಹಕ್ಕಿ ನೋಡೋ ಡಾಕ್ಟ್ರು ಯಾವತ್ತು ಇರ್ತಾರೆ ಕೇಳಿ, ಇಲ್ಲಾಂದ್ರೆ ಬೆಂಗ್ಳೂರೇ, ಹೆಬ್ಬಾಳ ಕಾಲೇಜು ಇದೆ, ಹಕ್ಕಿ ನೋಡೋ ಪ್ರೈವೇಟ್ ಕ್ಲಿನಿಕ್‌ಗಳೂ ಇವೆ.

ಇಷ್ಟು ಹೇಳಿ: ತಿನ್ನೋಕೆ ಏನು ಕೊಡ್ತೀರಿ, ರಾತ್ರಿ ಎಷ್ಟೊತ್ತಿಗೆ ಮಲಗುತ್ತೆ, ಪಂಜರ ಎಲ್ಲಿದೆ, ಮುದ್ದು ಮಾಡುವಾಗ ಎಲ್ಲಿ ಸವರ್ತೀರಿ.

ಗುಂಡನ_ಮನೆ:

ಸರ್ ತುಂಬಾ ಥ್ಯಾಂಕ್ಸ್. ತಲೆ ಪುಕ್ಕ ಪೂರ್ತಿ ಚೆನ್ನಾಗಿದೆ. ತಿನ್ನೋದು ಸೂರ್ಯಕಾಂತಿ ಬೀಜ, ಕಡ್ಲೆಬೀಜ, ಬೆಳಗ್ಗೆ ಸ್ವಲ್ಪ ಬಿಸಿ ಅನ್ನ ಹಾಲು, ಹಣ್ಣು ಕೊಟ್ರೆ ಬಿಸಾಕುತ್ತೆ. ಪಂಜರ ನಡುಮನೇಲಿ, ಪಕ್ಕದಲ್ಲೇ ದೇವ್ರ ಮನೆ.

ಅಮ್ಮ ಇದ್ದಾಗ ಏಳೂವರೆಗೆ ಬಟ್ಟೆ ಮುಚ್ಚಿ ಮಲಗಿಸ್ತಿದ್ರು. ಈಗ ಅವ್ರಿಗೆ ಬೆಳಗಾಗೋ ಟೈಮ್ ಅಂದ್ರೆ ನಮಗೆ ರಾತ್ರಿ ಒಂಬತ್ತೂವರೆ ಹತ್ತು, ಆಗ ವಿಡಿಯೋ ಕಾಲ್ ಮಾಡ್ತೀವಿ, ಬಟ್ಟೆ ತೆಗೆದು ಗುಂಡನಿಗೂ ತೋರಿಸ್ತೀವಿ. ಅಮ್ಮನ ಧ್ವನಿ ಕೇಳಿದ ತಕ್ಷಣ ಕುಣಿಯುತ್ತೆ, ಕಾಲ್ ಕಟ್ ಆದ್ಮೇಲೆ ಅರ್ಧ ಗಂಟೆ ಕಿರುಚುತ್ತೆ. ಪಾಪ ಅಂತ ನಾನು ಹೊರಗೆ ತೆಗೆದು ಬೆನ್ನು, ರೆಕ್ಕೆ ಕೆಳಗೆಲ್ಲಾ ಸವರಿ ಸಮಾಧಾನ ಮಾಡ್ತೀನಿ. ಇನ್ನೊಂದು, ಸೋಫಾ ಕೆಳಗೆ ಒಂದು ಕೊರಿಯರ್ ಡಬ್ಬ ಇದೆ, ಹೊರಗೆ ಬಿಟ್ರೆ ಸೀದಾ ಅದ್ರೊಳಗೆ ಹೋಗಿ ಕೂತು ಚೂರು ಚೂರು ಮಾಡುತ್ತೆ, ಆಟ ಆಡ್ಲಿ ಅಂತ ಬಿಟ್ಟಿದೀವಿ.

ಕಾಡಂಚು_ಶಿರಸಿ:

ನೀವೇ ಎಲ್ಲಾ ಹೇಳ್ಬಿಟ್ರಿ. ಬೇಜಾರು ಮಾಡ್ಕೋಬೇಡಿ, ಪ್ರೀತಿಯಿಂದ ಮಾಡಿದ್ದೇ, ಆದ್ರೆ ಅದಕ್ಕೆ ಬೇರೆ ಥರ ಅರ್ಥ ಆಗ್ತಿದೆ.

ಐದು ವರ್ಷ ಅಂದ್ರೆ ಗ್ರೇಗೆ ಹರೆಯ, ಮೂರರಿಂದ ಐದು ವರ್ಷದೊಳಗೆ ಬೆಳೆದ ಹಕ್ಕಿ ಆಗ್ತವೆ. ಆ ವಯಸ್ಸಲ್ಲಿ ಬೆನ್ನು, ರೆಕ್ಕೆ ಕೆಳಗೆ ಸವರಿದ್ರೆ ನೀವು ಅದಕ್ಕೆ ಜೋಡಿ ಆಗ್ತೀರಿ, ಜೋಡಿ ಮಾತ್ರ ಮುಟ್ಟೋ ಜಾಗ ಅದು. ಕತ್ತಲೆ ಡಬ್ಬ ಅಂದ್ರೆ ಗೂಡು. ಬಿಸಿ ಬಿಸಿ ಮೆತ್ತನೆ ಅನ್ನ ಅಂದ್ರೆ ಜೋಡಿ ಬಾಯಿಂದ ಬಾಯಿಗೆ ಕೊಡೋ ಊಟ. ಹನ್ನೊಂದು ಗಂಟೆ ತನಕ ಲೈಟು ಅಂದ್ರೆ ಹಗಲು ಉದ್ದ ಆಯ್ತು, ಮರಿ ಮಾಡೋ ಕಾಲ ಬಂತು. ಗೂಡು, ಜೋಡಿ, ಊಟ, ಬೆಳಕು ಎಲ್ಲಾ ಸಿಕ್ಕಿದೆ ಆದ್ರೆ ಮುಂದೇನೂ ಆಗ್ತಿಲ್ಲ, ಆ ಸಿಟ್ಟೆಲ್ಲಾ ಗೂಡಿನ ಹತ್ರ ಬಂದೋರ ಮೇಲೆ ಮತ್ತೆ ಅದ್ರ ಮೈ ಮೇಲೆ. ನಿಮ್ಮ ಮಿಸೆಸ್‌ಗೆ ಮೊದ್ಲು ಕಚ್ಚಿದ್ದು ಯಾಕೆ ಅಂತ ಗೊತ್ತಾಯ್ತಲ್ವಾ, ಅವ್ರ ಮೇಲೆ ದ್ವೇಷ ಏನಿಲ್ಲ.

ಡಬ್ಬ ಇವತ್ತೇ ತೆಗೀರಿ, ಅದಿಲ್ದೇ ಇರೋವಾಗ ತೆಗೀರಿ, ಎದುರಿಗೆ ಕಿತ್ಕೋಬೇಡಿ. ಸವರೋದು ತಲೆ, ಕೆನ್ನೆ ಅಷ್ಟೇ. ವಿಡಿಯೋ ಕಾಲ್ ರಾತ್ರಿ ಗುಂಡನಿಗೆ ಬೇಡ, ನೀವು ರೂಮಲ್ಲಿ ಬಾಗ್ಲು ಹಾಕ್ಕೊಂಡು ಮಾತಾಡಿ. ಬೆಳಗ್ಗೆ ಏಳಕ್ಕೆ ಅಮ್ಮನಿಗೆ ಅಲ್ಲಿ ಸಂಜೆ ರಾತ್ರಿ ಆಗಿರುತ್ತೆ, ಆಗ ಐದು ನಿಮಿಷ ತೋರಿಸಿ, ಮುಗಿದ ತಕ್ಷಣ ಏನಾದ್ರೂ ಕೆಲಸ ಕೊಡಿ. ದಿನಾ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ನಿಶ್ಯಬ್ದ ಬೇಕೇ ಬೇಕು. ದೇವ್ರ ಮನೆ ಪಕ್ಕದಿಂದ ಪಂಜರ ಸರಿಸಿ, ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಕಾಯಿಲ್ ಹೊಗೆ ಹಕ್ಕಿಗೆ ಬಹಳ ಕೆಟ್ಟದ್ದು. ಅಡುಗೆಮನೆ ಹತ್ರಾನೂ ಇಡ್ಬೇಡಿ, ನಾನ್‌ಸ್ಟಿಕ್ ತವಾ ಖಾಲಿ ಇಟ್ಟು ಸೀದು ಹೋದ್ರೆ ಆ ಹೊಗೆಗೆ ನಿಮಿಷದಲ್ಲಿ ಜೀವ ಹೋಗುತ್ತೆ.

ಕೆಲಸ ಅಂದ್ನಲ್ಲ, ದುಡ್ಡಿನ ಆಟಿಕೆ ಬೇಕಿಲ್ಲ. ಪ್ರಿಂಟ್ ಇಲ್ದಿರೋ ಅಡಿಕೆ ಹಾಳೆ ತಟ್ಟೆ ತೂತು ಮಾಡಿ ನೇತುಹಾಕಿ, ಒಳಗೆ ಎರಡು ಕಡ್ಲೆಬೀಜ ಸಿಗಿಸಿ, ಕಿತ್ತು ತೆಗೀಲಿ. ಎಳೆ ಜೋಳದ ತೆನೆ ಸಿಪ್ಪೆ ಸಮೇತ ಕೊಡಿ, ಪೇರಲ ಕೊಂಬೆ ತೊಗಟೆ ಸುಲೀಲಿ. ಕಾಡಲ್ಲಿ ಊಟ ಹುಡ್ಕೋದೇ ದಿನದ ಅರ್ಧ ಕೆಲಸ ಅದಕ್ಕೆ, ಬಟ್ಲಲ್ಲಿ ತುಂಬಿಟ್ರೆ ಹತ್ತು ನಿಮಿಷಕ್ಕೆ ಊಟ ಮುಗಿದು ಉಳಿದ ಹೊತ್ತೆಲ್ಲಾ ಕೊಕ್ಕಿಗೆ ಪುಕ್ಕ ಬಿಟ್ರೆ ಏನಿರುತ್ತೆ ಹೇಳಿ.

ಬಿಳಿಜುಟ್ಟು_ಮೈಸೂರು:

ನಮ್ಮನೇಲಿ ಹದಿನಾಲ್ಕು ವರ್ಷದ ಕಾಕಟೂ ಗಿಣಿ ಇದೆ. ಎದೆ ಬೋಳಾಗಿ ಎಂಟು ವರ್ಷ ಆಯ್ತು, ಇನ್ನು ಬರಲ್ಲ. ನಾವು ಎರಡು ವರ್ಷ ಅಭ್ಯಾಸ ಬಲ, ತಾನೇ ಹೋಗುತ್ತೆ ಅಂತ ಕಾದ್ವಿ, ಅಷ್ಟರಲ್ಲಿ ಪುಕ್ಕದ ಬೇರೇ ಸತ್ತೋಯ್ತು. ನಿಮಗೆ ಎರಡು ತಿಂಗಳು ಆಗಿದೆ ಅಷ್ಟೇ, ಈ ವಾರಾನೇ ಹೋಗಿ, ಮುಂದಕ್ಕೆ ಹಾಕ್ಬೇಡಿ. ಮತ್ತೆ ಕೀಳುವಾಗ "ಬೇಡ ಗುಂಡಾ" ಅಂತ ಓಡಿ ಹೋಗ್ಬೇಡಿ, ಕಿತ್ರೆ ಜನ ಬರ್ತಾರೆ ಅಂತ ಅದು ಲೆಕ್ಕ ಇಟ್ಕೊಳ್ಳುತ್ತೆ, ನಾವು ಮಾಡಿದ ದೊಡ್ಡ ತಪ್ಪು ಅದೇ. ಸುಮ್ನೆ ಆಟ ಆಡ್ತಾ ಇದ್ದಾಗ ಹೋಗಿ ಮಾತಾಡ್ಸಿ.

ಕಚ್ಚೋದಕ್ಕೆ ಮುಂಚೆ ಅದು ಹೇಳುತ್ತೆ, ನಾವು ನೋಡಲ್ಲ. ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗ್ತಿರುತ್ತೆ, ಕತ್ತಿನ ಪುಕ್ಕ ಎದ್ದು ನಿಲ್ಲುತ್ತೆ, ಬಾಲ ಬೀಸಣಿಗೆ ಥರ ಬಿಚ್ಚುತ್ತೆ. ಆಗ ಕೈ ಹಾಕ್ಬೇಡಿ. ಕಚ್ಚೇಬಿಟ್ರೆ ಕಿರುಚ್ಬೇಡಿ, ಕೊಡವಿ ಬೀಳಿಸ್ಬೇಡಿ, ಸುಮ್ನೆ ಹತ್ತಿರದ ಜಾಗಕ್ಕೆ ಇಳಿಸಿ ಎರಡು ನಿಮಿಷ ದೂರ ಹೋಗಿ. ಸದ್ಯಕ್ಕೆ ಕೈ ಬದ್ಲು ಕೋಲಿನ ಮೇಲೆ ಹತ್ತಿಸ್ಕೊಳ್ಳಿ, ಕೋಲಿನ ತುದಿ ಮುಟ್ಟಿದ್ರೆ ಒಂದು ಬೀಜ. ಈ ಕೆಲಸ ನಿಮ್ಮ ಮಿಸೆಸ್ ಮಾಡ್ಲಿ, ಒಳ್ಳೇದೆಲ್ಲಾ ಅವ್ರ ಕೈಯಿಂದ್ಲೇ ಬರ್ಲಿ.

ಇನ್ನೊಂದು, ರಿಜಿಸ್ಟ್ರೇಷನ್ ಆಗಿದ್ಯಾ? 2017ರಿಂದ ಗ್ರೇ ಸೈಟಿಸ್ (ಕಾಡುಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ) ಮೊದಲನೇ ಪಟ್ಟಿಯಲ್ಲಿದೆ, 2024ರ ರೂಲ್ಸ್ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರ್ಬೇಕು.

ಗುಂಡನ_ಮನೆ:

ಏಳು ವಾರ ಆದ್ಮೇಲೆ ಬರೀತಿದೀನಿ, ಕ್ಷಮಿಸಿ ಲೇಟಾಯ್ತು. ನಾಲ್ಕ್ನೇ ದಿನಾನೇ ಹೋದ್ವಿ, ಟವೆಲ್ ಮುಚ್ಚಿದ ಕ್ಯಾರಿಯರಲ್ಲಿ, ದಾರಿ ಪೂರ್ತಿ ಅಮ್ಮನ ಥರಾನೇ ಕೆಮ್ಮುತ್ತಾ ಬಂತು. ಡಾಕ್ಟ್ರು ತೂಕ ಮಾಡಿದ್ರೆ 398 ಗ್ರಾಂ, ಅದ್ರ ಮೈಕಟ್ಟಿಗೆ ಕಡಿಮೆ ಅಂದ್ರು. ಬಾಯಿ ತೆರೆದು ಅಂಗುಳಲ್ಲಿ ಇರ್ಬೇಕಾದ ಸಣ್ಣ ಮುಳ್ಳಿನಂಥವು ಸವೆದು ಮೊಂಡಾಗಿರೋದು ತೋರಿಸಿದ್ರು, ವಿಟಮಿನ್ ಎ ಕೊರತೆ ಲಕ್ಷಣ ಅಂತೆ, ಬರೀ ಬೀಜ ತಿನ್ನೋ ಹಕ್ಕಿಗಳಲ್ಲಿ ನೋಡ್ತಾನೇ ಇರ್ತಾರಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ, ಗ್ರೇಗಳಿಗೆ ಇದು ತೀರಾ ಕಡಿಮೆ ಆದ್ರೆ ಫಿಟ್ಸ್ ಬರುತ್ತೆ ಅಂದ್ರು, ಕೇಳಿ ಕೈಕಾಲು ತಣ್ಣಗಾಯ್ತು. ಎದೆ ಚರ್ಮದಲ್ಲಿ ಇನ್ಫೆಕ್ಷನ್ ಇತ್ತು, ಅದಕ್ಕೆ ಎರಡು ವಾರ ಔಷಧಿ. ಎಕ್ಸ್‌ರೇಲಿ ಲೋಹ ಏನಿರ್ಲಿಲ್ಲ, ವೈರಸ್ ಟೆಸ್ಟ್ ನೆಗೆಟಿವ್.

ಊಟ ಬದಲಾಯಿಸೋದೇ ದೊಡ್ಡ ಯುದ್ಧ. ಬೀಜ ಒಮ್ಮೆಗೇ ನಿಲ್ಲಿಸ್ಬೇಡಿ, ಹಸಿದು ಸಾಯುತ್ತೆ ಹೊರತು ಗೊತ್ತಿಲ್ಲದ್ದು ಮುಟ್ಟಲ್ಲ ಅಂದ್ರು, ದಿನಾ ಬೆಳಗ್ಗೆ ಅಡುಗೆ ತೂಕದ ಮಷೀನ್ ಮೇಲೆ ತೂಗಿ ಬರ್ಕೊಳ್ತಿದೀವಿ. ಪೆಲೆಟ್ (ಹಕ್ಕಿಗಂತಾನೇ ಮಾಡಿರೋ ಗುಳಿಗೆ ಥರದ ಆಹಾರ) ಮೂರು ವಾರ ಮುಟ್ಲಿಲ್ಲ. ಸಿಹಿಗುಂಬಳ ತುರಿದು ಕೊಟ್ರೆ ಎಸೀತು, ಬೇಯಿಸಿದ್ರೂ ಎಸೀತು, ಕೊನೆಗೆ ನನ್ ಹೆಂಡ್ತಿ ಅದ್ರ ಎದುರು ಕೂತು ಮೊರದಲ್ಲಿ ನುಗ್ಗೆ ಸೊಪ್ಪು ಬಿಡಿಸೋಕೆ ಶುರು ಮಾಡಿದ್ಳು, ಅಮ್ಮ ಮಾಡ್ತಿದ್ದ ಹಂಗೇ, ಒಂದೊಂದು ಎಸಳು ತಾನೂ ತಿಂದಂಗೆ ಮಾಡ್ತಾ. ನಾಲ್ಕನೇ ದಿನ ಪಂಜರದಿಂದ ಇಳಿದು ನಡ್ಕೊಂಡು ಬಂದು ಮೊರದ ಅಂಚಲ್ಲಿ ನಿಂತು ಒಂದು ಕಡ್ಡಿ ಎತ್ಕೊಂಡು ಹೋಯ್ತು. ಈಗ ದಿನಾ ಹನ್ನೊಂದಕ್ಕೆ ಇಬ್ರೂ ಸೊಪ್ಪು ಬಿಡಿಸ್ತಾರೆ. ಗುಂಬಳಾನೂ ತಿಂತಿದೆ, ಕ್ಯಾರೆಟ್ ಇನ್ನೂ ಬೇಡ.

ತೂಕ 431 ಆಗಿದೆ. ತೊಡೇಲಿ ಪುಕ್ಕ ಬಂದಿದೆ, ಎದೇಲಿ ಬಿಳಿ ನಯ ಪುಕ್ಕ ಮಾತ್ರ, ಅದ್ರಲ್ಲೂ ಆಗಾಗ ಕೀಳುತ್ತೆ, ಮೊದ್ಲಿನಷ್ಟಲ್ಲ. ಹೆಂಡ್ತಿಗೆ ಐದು ವಾರದಿಂದ ಕಚ್ಚಿಲ್ಲ. ನಂಗೆ ಮೊನ್ನೆ ಕಚ್ತು, ನಂದೇ ತಪ್ಪು, ಪಾಪೆ ನೋಡ್ದೇ ಕೈ ಹಾಕ್ದೆ. ನೋಂದಣಿ ಮುಂಚೇನೇ ಆಗಿದೆ ಮೇಡಂ.

ಈಗ ಒಂದು ಪ್ರಶ್ನೆ, ಅಮ್ಮ ಇನ್ನೆರಡು ತಿಂಗಳಲ್ಲಿ ಬರ್ತಾರೆ. ಬಂದ ಮೇಲೆ ಮತ್ತೆ ಮೊದ್ಲಿನಂಗೆ ಇಡೀ ದಿನ ಅವ್ರ ಹೆಗಲ ಮೇಲೆ ಬಿಡ್ಬಹುದಾ?

ಕಾಡಂಚು_ಶಿರಸಿ:

ಓದಿ ಕಣ್ಣು ತುಂಬ್ತು, ನಿಮ್ಮ ಮಿಸೆಸ್‌ಗೆ ನನ್ನ ನಮಸ್ಕಾರ ಹೇಳಿ. ಅಮ್ಮ ಬಂದ್ಮೇಲೆ ಹೆಗಲು ಬೇಡ, ಪಕ್ಕದಲ್ಲಿ ಒಂದು ಸ್ಟ್ಯಾಂಡ್ ಇಡಿ, ಅರ್ಧ ಗಂಟೆ ಜೊತೆ, ಅರ್ಧ ಗಂಟೆ ಅದ್ರ ಪಾಡಿಗೆ. ಈ ಹಕ್ಕಿ ನಲ್ವತ್ತು ಐವತ್ತು ವರ್ಷ ಬದುಕ್ಬಹುದು, ಮನೇಲಿ ಎಲ್ರ ಹತ್ರಾನೂ ಇರೋದು ಗೊತ್ತಿರ್ಬೇಕು. ಹನ್ನೊಂದು ಗಂಟೆ ಸೊಪ್ಪು ಮಾತ್ರ ನಿಮ್ಮ ಮಿಸೆಸ್ ಹತ್ರಾನೇ ಇರ್ಲಿ, ಅಮ್ಮ ಬಂದ್ರು ಅಂತ ಬಿಡ್ಬೇಡಿ.