ಹಾವೇರಿ ಹುಡುಗಿ, ಕರಾವಳಿ ಹುಡುಗ: ನಿಮ್ಮ ನಿಶ್ಚಿತಾರ್ಥದವರೆಗಿನ ಕಥೆ ಹೇಳಿ

ಬ್ಯಾಡಗಿ ಖಾರ:
ನಾನು ಹಾವೇರಿ ಜಿಲ್ಲೆಯವಳು, ಲಿಂಗಾಯತರ ಮನೆ. ಹುಡುಗ ಮೂಡುಬಿದಿರೆ ಕಡೆ, ಬಿಲ್ಲವರು. ದಾವಣಗೆರೆಯಲ್ಲಿ ಓದುವಾಗ ಪರಿಚಯ. ಇಬ್ಬರಿಗೂ ಕೆಲಸ ಇದೆ, ಮನೆಯಲ್ಲಿ ಮಾತ್ರ ಇನ್ನೂ ಹೇಳಿಲ್ಲ. ಹೀಗೆ ಬೇರೆ ಬೇರೆ ಕಡೆಯವರು ಮದುವೆಯಾದವರು ಇಲ್ಲಿ ಇದ್ದೀರಾ? ಹೇಗೆ ಭೇಟಿಯಾದಿರಿ, ನಿಶ್ಚಯ ಹೇಗೆ ಆಯಿತು? ಸಿನಿಮಾ ಕಥೆ ಬೇಡ, ನಡೆದದ್ದು ಹೇಳಿ.

ನೇರ ಮಾತು:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 1954ರ ವಿಶೇಷ ವಿವಾಹ ಕಾಯ್ದೆ ಇದೆ. ನೋಟಿಸು ಕೊಡಿ, 30 ದಿನ ಕಾಯಿರಿ, ಮೂವರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ. ಮುಗೀತು.

ಲೈನ್ ಬಜಾರ್ ಮೊಮ್ಮಗಳು:
ಮೇಲಿನವರ ಉಪಾಯ ಕೊನೆಗೆ ಇದ್ದೇ ಇರುತ್ತದೆ, ಇರಲಿ. ನಾನು ಧಾರವಾಡದವಳು, ಇವರು ಉಡುಪಿ ಹತ್ತಿರದವರು. ಜಾತಿ ಲೆಕ್ಕ ಥೇಟ್ ನಿಮ್ಮದೇ.

ನಮ್ಮನ್ನು ಸೇರಿಸಿದ್ದು ಆಯಿಯ ಪೆನ್ಷನ್. ಆಯಿ ಅಂದರೆ ಅಪ್ಪನ ಅವ್ವ. ಅಜ್ಜ ಸಾಲಿ ಮಾಸ್ತರ್ ಆಗಿದ್ದರು, ಅವರು ಹೋದ ಮೇಲೆ ಕುಟುಂಬ ಪಿಂಚಣಿ ಆಯಿಗೆ ಬರುತ್ತಿತ್ತು. ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಪತ್ರ ಕೊಡಬೇಕಲ್ವಾ, 2018ರಲ್ಲಿ ಅದಕ್ಕೇ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಬೆರಳಚ್ಚಿನ ಯಂತ್ರ ಆಯಿಯ ಬೆರಳನ್ನು ಹಿಡಿಯಲೇ ಇಲ್ಲ. ಜನ್ಮವಿಡೀ ರೊಟ್ಟಿ ಬಡಿದ ಕೈ, ಗೆರೆಗಳೇ ಸವೆದಿದ್ದವು. ಆಯಿಗೆ ಸಿಟ್ಟು ಬಂತು. "ನಿನ್ನ ಮುಂದನ ಕುಂತೀನಲ್ಲೋ ತಮ್ಮಾ, ಇನ್ನೇನ್ ಸಾಕ್ಷಿ ಬೇಕು ನಿನಗ?"

ಕೌಂಟರಿನ ಹುಡುಗ ನಗಲಿಲ್ಲ. ಎದ್ದು ಈಚೆ ಬಂದು, ಆಯಿ ಪಕ್ಕ ಬೆಂಚಿನ ಮೇಲೆ ಕೂತು ಕಾಗದದ ಫಾರ್ಮ್ ತುಂಬಿದ. ಆಯಿಗೆ ಅಷ್ಟೇ ಸಾಕಾಯಿತು. ಆ ಮೇಲೆ ಪಾಸ್‌ಬುಕ್ ಎಂಟ್ರಿಗೂ ಆ ಉಡುಪಿ ಹುಡುಗನ ಹತ್ತಿರವೇ ಹೋಗಬೇಕು.

ಮರುವರ್ಷ ಇವರಿಗೆ ಹುಬ್ಬಳ್ಳಿ ಶಾಖೆಗೆ ವರ್ಗ ಆಯಿತು, ರೂಮು ಮಾತ್ರ ಧಾರವಾಡದಲ್ಲೇ. ನನಗೂ ಹುಬ್ಬಳ್ಳಿಯಲ್ಲೇ ಲೆಕ್ಕಪತ್ರದ ಕೆಲಸ. ಬೆಳಗ್ಗೆ ಜುಬಿಲಿ ಸರ್ಕಲ್‌ನಲ್ಲಿ ಇಬ್ಬರೂ ಹತ್ತುವುದು ಹುಬ್ಬಳ್ಳಿಗೆ ಹೋಗುವ ಅದೇ ಚಿಗರಿ ಬಸ್. ನವನಗರ ದಾಟುವವರೆಗೆ ಮಾತಾಡುತ್ತಿದ್ದೆವು, ಆಮೇಲೆ ರಶ್ ಆಗಿ ಯಾರ ಮುಖವೂ ಕಾಣುತ್ತಿರಲಿಲ್ಲ. ಪ್ರೀತಿ ಯಾವತ್ತು ಆಯಿತು ಅಂತ ಕೇಳಿದರೆ ಇಬ್ಬರಿಗೂ ಹೇಳಲು ಬರುವುದಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬಸ್ ನಿಂತಿತಲ್ಲ, ಆಗ ಗೊತ್ತಾಯಿತು ಅಷ್ಟೇ.

ಬ್ಯಾಂಕಿನವರಿಗೆ ಆಗಲೂ ಡ್ಯೂಟಿ ಇತ್ತು. ಖಾನಾವಳಿಗಳೆಲ್ಲ ಬಂದ್, ಇವರಿಗೆ ಊಟಕ್ಕೆ ಅವಲಕ್ಕಿಯೇ ಗತಿ. ಆಯಿಗೆ ವಿಷಯ ತಿಳಿದಿದ್ದೇ ತಡ, ಬುತ್ತಿ ಶುರುವಾಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಇವರು ಮಾಸ್ಕ್ ಹಾಕಿಕೊಂಡು ಗೇಟಿನ ಹೊರಗೆ ನಿಂತು ಒಯ್ಯುತ್ತಿದ್ದರು. ಬುತ್ತಿ ಕೊಡುವವಳು ನಾನು. ಕೆಲವೇ ದಿನಕ್ಕೆ ಆಯಿ ಅವ್ವನಿಗೆ ಹೇಳಿದಳು: "ಆ ಹುಡುಗ ರೊಟ್ಟಿ ಸಲುವಾಗಿ ಬರಾಕತ್ತಿಲ್ಲ."

ಅವ್ವ ಅತ್ತಳು. ಅಪ್ಪ ಮಾತು ಬಿಟ್ಟರು. ಎಲ್ಲರಿಗಿಂತ ಜಾಸ್ತಿ ಹಾರಾಡಿದ್ದು ಕಾಕಾ. ಆಯಿ ಕಾಕಾನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು: "ಬಸವ ಜಯಂತಿ ಮೆರವಣಿಗ್ಯಾಗ ಎಲ್ಲಾರಕ್ಕಿಂತ ಮುಂದ ಕುಣಿಯಾಂವ ನೀನು. ಸಮಗಾರ ಹರಳಯ್ಯನ ಮಗಗ ಬ್ರಾಹ್ಮಣ ಮಧುವರಸ ತನ್ನ ಮಗಳನ್ನ ಕೊಟ್ಟಿದ್ದು ಸುಳ್ಳೇನು?" ಆ ಮದುವೆಯಿಂದ ಕಲ್ಯಾಣದಲ್ಲಿ ಏನೇನಾಯಿತು, ಬೀಗರಿಬ್ಬರಿಗೂ ಆನೆ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಆದದ್ದು, ಎಲ್ಲ ಕಾಕಾಗೆ ಗೊತ್ತು. ಆದರೆ ಆಯಿ ಮುಂದೆ ಬಾಯಿ ಬಿಡುವ ಧೈರ್ಯ ಇರಲಿಲ್ಲ!

ಇವರ ಮನೆಯಲ್ಲಿ ಜಾತಿಯ ಮಾತು ಬರಲಿಲ್ಲ. ಪಡಸಾಲೆಯಲ್ಲಿ ನಾರಾಯಣ ಗುರುಗಳ ದೊಡ್ಡ ಫೋಟೋ. "ಒಂದೇ ಜಾತಿ, ಒಂದೇ ಮತ, ಒಂದೇ ದೇವರು ಅಂದವರ ಕೆಳಗೆ ಕೂತು ಬೇಡ ಅನ್ನಲಿಕ್ಕೆ ಆಗ್ತದಾ?" ಅಂದರು ಮಾವ. ಅತ್ತೆಯ ಚಿಂತೆಯೇ ಬೇರೆ, ಮೀನು. "ನೀನು ಮಾಡುವುದು ಬೇಡ, ತಿನ್ನುವುದೂ ಬೇಡ. ಅವನು ತಿಂದರೆ ಮುಖ ಸಿಂಡರಿಸಬಾರದು." ನೇರವಾಗಿ ಕೇಳಿದ್ದು ನನಗೆ ಇಷ್ಟವಾಯಿತು. ಈಗ ನಮ್ಮ ಮನೆಯಲ್ಲಿ ಮೀನಿನ ಪಾತ್ರೆ ಬೇರೆ, ಒಲೆ ಒಂದೇ. ಧಾರವಾಡಕ್ಕೆ ಬಂದಾಗ ಇವರು ಮೀನಿನ ಹೆಸರೂ ಎತ್ತುವುದಿಲ್ಲ.

ನಿಶ್ಚಿತಾರ್ಥ 2021ರ ಫೆಬ್ರವರಿಯಲ್ಲಿ, ನಮ್ಮ ಮನೆಯಲ್ಲೇ. ಕೊರೊನಾ ಕಾರಣಕ್ಕೆ ಎರಡೂ ಕಡೆಯ ಹತ್ತಿರದವರು ಮಾತ್ರ. ನಿಜ ಹೇಳಬೇಕೆಂದರೆ ಅದು ನಮಗೆ ಅನುಕೂಲವೇ ಆಯಿತು, ಕೊಂಕು ತೆಗೆಯುವವರು ಬರಲಿಲ್ಲ. ಅಯ್ಯನವರು ವಿಭೂತಿ ಹಚ್ಚಿದರು, ಅತ್ತೆ ನನಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಯಾವುದಾದ ಮೇಲೆ ಯಾವುದು ಅಂತ ಆಯಿ ಪಕ್ಕದಲ್ಲೇ ಕೂತು ಹೇಳಿಕೊಟ್ಟಳು. ಇವರ ಮನೆಯವರು ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ತಂದಿದ್ದರು, ಅಟ್ಟೆಗಟ್ಟಲೆ. ಒಂದು ಅಟ್ಟೆಗೆ ಕಟ್ಟಿದ ಹೂವಿನ ನಾಲ್ಕು ಚೆಂಡು. ರಾತ್ರಿ ಬಸ್ಸಿನಲ್ಲಿ ಬಂದರೂ ಹೂವು ಬಾಡಿರಲಿಲ್ಲ. ನಮ್ಮ ಓಣಿಯ ಹೆಂಗಸರೆಲ್ಲ ಆ ದಿನ ಅದನ್ನೇ ಮುಡಿದರು, ಬೇಡ ಅಂದಿದ್ದ ಕಾಕೂ ಕೂಡ. ಊಟಕ್ಕೆ ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು. ಮಾವ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದರು.

ನನ್ನ ಪ್ರಕಾರ ಅಪ್ಪ-ಅವ್ವನಿಗೆ ಮೊದಲು ಹೇಳಬೇಡಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರ ಕಣ್ಣಿಗೆ ಹುಡುಗ ಮೊದಲು ಬೀಳಲಿ. ಹೆಸರು, ಜಾತಿ, ಊರು ಆಮೇಲೆ.

ಕೋರಿಯೂ ರೊಟ್ಟಿಯೂ:
ಕರಾವಳಿಯ ನಮ್ಮ ಕಡೆ ‘ಬರಿ’ ಅಂತ ಗೋತ್ರದಂಥದ್ದನ್ನು ಕೇಳುತ್ತಾರೆ, ಗಾಬರಿ ಬೇಡ. ಅದು ತಾಯಿಯಿಂದ ಬರುವುದು, ಒಂದೇ ಬರಿಯವರು ಮದುವೆಯಾಗುವುದಿಲ್ಲ. ನಿಮಗೆ ಬರಿಯೇ ಇಲ್ಲ, ಹಾಗಾಗಿ ಅದು ತೊಡಕಲ್ಲ. ಮಾತುಕತೆಗೆ ಮಾತ್ರ ಆಟಿ ತಿಂಗಳು ಬೇಡ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಿಮ್ಮ ಆಷಾಢವೂ ನಮ್ಮ ಆಟಿಯೂ ಒಟ್ಟಿಗೆ ಮುಗಿಯುವುದಿಲ್ಲ, ಎರಡೂ ಕಳೆಯುವವರೆಗೆ ಕಾಯಬೇಕು.

ಇನ್ನೊಂದು, ಇಬ್ಬರೂ ಹಿಂದೂಗಳಾದರೆ ಜಾತಿ ಬೇರೆಯಾದರೂ 1955ರ ಹಿಂದೂ ವಿವಾಹ ಕಾಯ್ದೆ ಸಾಕು. ಶಾಸ್ತ್ರ ಪ್ರಕಾರ ಮದುವೆಯಾಗಿ ಆಮೇಲೆ ನೋಂದಣಿ ಮಾಡಿಸಿ, ಆ 30 ದಿನದ ನೋಟಿಸು ಬೇಕಿಲ್ಲ. ಲಿಂಗಾಯತರ ಹೆಸರು ಆ ಕಾಯ್ದೆಯ 2ನೇ ಸೆಕ್ಷನ್ನಿನಲ್ಲೇ ಇದೆ.

ಬ್ಯಾಡಗಿ ಖಾರ:
ಲೈನ್ ಬಜಾರ್ ಅಕ್ಕಾ, ನನ್ನ ಆಯಿ ಈಗಿಲ್ಲ. ಮನೆಯಲ್ಲಿ ಮಾತು ನಡೆಯುವುದು ರಾಣೆಬೆನ್ನೂರಿನ ಸೋದರತ್ತೆಯದು. ಅವರಿಗೆ ಹೇಳಲಾ?

ಲೈನ್ ಬಜಾರ್ ಮೊಮ್ಮಗಳು:
ಹೇಳಬೇಡ ತಂಗಿ, ತೋರಿಸು. ಏನಾದರೂ ಕೆಲಸದ ನೆವ ಹುಡುಕಿ ಅವನನ್ನು ರಾಣೆಬೆನ್ನೂರಿಗೆ ಕಳಿಸು. ಮುಂದೆ ಹಿರಿಯರನ್ನು ಅವರ ಊರಿಗೆ ಕರೆದುಕೊಂಡು ಹೋಗುವ ದಿನ ಬಂದರೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡ. ಅರಬೈಲು ಘಟ್ಟದ ತಿರುವುಗಳಲ್ಲಿ ನಮ್ಮ ಕಾಕಾಗೆ ವಾಂತಿ ಶುರುವಾಗಿ ಅಂಕೋಲಾ ತನಕ ನಿಲ್ಲಲಿಲ್ಲ. ಬೀಗರ ಮನೆ ಮುಟ್ಟಿದಾಗ ಜಗಳ ಮಾಡುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಹಾಂ, ಅದೂ ಒಂದು ಲೆಕ್ಕಕ್ಕೆ ಚಲೋನೇ ಆಯ್ತು.